ಏಳಿಗೆ ಏಳಿಗೆ ಸಲೀಸು

ಗಂಡನಾದವನಿಗೆ ಮನೆಯಲ್ಲಿ ಒಂದು ಮೂಲೆಯಾದರೂ ಇರತಕ್ಕದ್ದು ಎಂದು ಯಾವ ಸರಕಾರವೂ ಕಾನೂನು ಮಾಡಿಲ್ಲ. ಮಾಡಿದ್ದರೆ ಶಾಮ್ ಶುಯ್ ಪೋ ಬಡಾವಣೆಯ ಹಂಗ್ ಎಲ್ಲರಿಗಿಂತ ಮೊದಲು ಹೋಗಿ ಅರ್ಜಿ ಕೊಟ್ಟು ಬರುತ್ತಿದ್ದ. ಅವನ ಫ್ಲ್ಯಾಟಿನಲ್ಲಿ ಮೂಲೆಗಳು ಇದ್ದದ್ದೇ ನಾಲ್ಕು. ಒಂದರಲ್ಲಿ ಫ್ರಿಜ್ಜು, ಒಂದರಲ್ಲಿ ಹೆಂಡತಿ ವಾನ್‌ಹಾಳ ಹೊಲಿಗೆ ಯಂತ್ರ, ಒಂದರಲ್ಲಿ ದೇವರ ಗೂಡು, ನಾಲ್ಕನೆಯದರಲ್ಲಿ ಅತ್ತೆ. (ನಾಲ್ಕು ಎಂಬ ಸಂಖ್ಯೆ ಅಪಶಕುನ ಎಂದು ಅತ್ತೆ ಸದಾ ಹೇಳುತ್ತಾರೆ. ಹಂಗ್ ಅದನ್ನು ಮನಸಾರೆ ಒಪ್ಪುವುದು ಈ ನಾಲ್ಕನೆಯ ಮೂಲೆಯ ವಿಷಯದಲ್ಲಿ ಮಾತ್ರ.) ಇನ್ನು ಉಳಿದದ್ದು ನಡುವೆ ಇರುವ ಮಡಚುವ ಮೇಜು. ಊಟದ ಹೊತ್ತಿಗೆ ಅದು ಊಟದ ಮೇಜು, ಅತ್ತೆಯ ಗೆಳತಿಯರು ಬಂದರೆ ಮಾಹ್‌ಜಾಂಗ್ ಆಟದ ಮೇಜು, ಎಲ್ಲರ ಕೆಲಸವೂ ಮುಗಿದು ಅದು ಮಡಚಿಕೊಳ್ಳುವ ಮುಂಚೆ ಒಂದಿಷ್ಟು ಹೊತ್ತು ಹಂಗ್‌ನದು.

ಫ್ಲ್ಯಾಟು ಅತ್ತೆಯ ಹೆಸರಿನಲ್ಲಿತ್ತು. ಹೀಗಾಗಿ ಹಂಗ್ ಹೆಸರಿಗೂ ಹಂಗ್, ಇದ್ದದ್ದೂ ಹಂಗಿನಲ್ಲಿ. ಲಿಫ್ಟ್ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಬದುಕಿನಲ್ಲಿ ಅವನು ಮೇಲೆ ಹೋದದ್ದೆಂದರೆ ಕಂಪನಿಯ ಲಿಫ್ಟಿನಲ್ಲೇ.

ಆದರೆ ಈ ಗುಮಾಸ್ತ ಒಂದು ಕಾಲದಲ್ಲಿ ಡ್ರಮ್ಮರ್! ತಲೆಗೂದಲು ಭುಜದವರೆಗೆ ಬಿಟ್ಟು, ಕಾರ್ಖಾನೆಯ ಕಟ್ಟಡವೊಂದರ ಹತ್ತನೇ ಮಹಡಿಯಲ್ಲಿ ಗೋಡೆ ಬಿರಿಯುವಂತೆ ಬಾರಿಸಿದವನು. ಮದುವೆಯಾದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಮಂಚ ಇರ್ಬೇಕಾ, ಡ್ರಮ್ ಇರ್ಬೇಕಾ?" ಹೊಸ ಮದುವೆಯ ಹುಮ್ಮಸ್ಸಿನಲ್ಲಿ ಅವನು ಮಂಚ ಎಂದುಬಿಟ್ಟ. ಡ್ರಮ್ಮು ಮಾರಾಟವಾಯಿತು. ಈಗ ಕೆಳಮನೆಯ ಮುದುಕನಿಗೆ ಹಂಗ್ ಚಾಪ್‌ಸ್ಟಿಕ್ಕಿನಲ್ಲಿ ಬಟ್ಟಲು ತಟ್ಟಿದರೂ ಕೇಳಿಸುತ್ತದೆ, ಕೂಡಲೇ ಛಾವಣಿಗೆ ಪೊರಕೆ ಕುಟ್ಟುತ್ತಾನೆ. ಆದ್ದರಿಂದ ಹಂಗ್ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಡ್ರಮ್ ಸಾಫ್ಟ್‌ವೇರ್ ಹಾಕಿಕೊಂಡಿದ್ದ. ಕೀಲಿ ಒತ್ತಿದರೆ ಡ್ರಮ್ಮು, ಇನ್ನೊಂದು ಕೀಲಿಗೆ ತಾಳ, ಮತ್ತೊಂದಕ್ಕೆ ಜಾಗಟೆ. ಎಲ್ಲ ಹೆಡ್‌ಫೋನಿನ ಒಳಗೇ. ಹೊರಗಿನವರಿಗೆ ಕಾಣುವುದು ಕಣ್ಣು ಮುಚ್ಚಿ ತಲೆ ಕುಣಿಸುತ್ತಾ ಟೈಪು ಮಾಡುವ ಒಬ್ಬ ಗುಮಾಸ್ತ. ದೇವರು ಬಂದಿದೆಯೋ ಏನೋ ಎಂದು ಅತ್ತೆಯ ಗೆಳತಿಯೊಬ್ಬಳು ಒಮ್ಮೆ ಹೆದರಿ ಊದುಬತ್ತಿ ಹಚ್ಚಿದ್ದುಂಟು.

ಅತ್ತೆಯದು ಮೀನುಂಡೆ ಅಂಗಡಿ. ಮೀನಿನ ಮಾಂಸವನ್ನು ಕುಟ್ಟಿ, ಬಡಿದು, ಉಂಡೆ ಕಟ್ಟಿ, ನೂಡಲ್ಸಿನ ಸಾರಿಗೆ ಬಿಡುವುದು. (ಬಡಿಯುವ ಕಲೆಯಲ್ಲಿ ಅತ್ತೆಯೇ ಅಳಿಯನಿಗಿಂತ ದೊಡ್ಡ ಕಲಾವಿದೆ.) ರಸ್ತೆ ಬದಿಯ ಅಂಗಡಿ ಚೆನ್ನಾಗಿ ನಡೆದು, ಈಗ ಮಾಲ್ ಒಂದರ ನೆಲಮಾಳಿಗೆಯಲ್ಲಿ ಎರಡನೆಯದನ್ನು ತೆರೆಯುವ ಯೋಗ ಬಂದಿತ್ತು. ಆ ಹೊಸ ಅಂಗಡಿಯ ಹಿಂದೆ ಒಂದು ಕೋಣೆ ಇತ್ತು. ಹಿಂದೆ ಯಾರೋ ಮಾಂಸ ತಣ್ಣಗಿಡಲು ಕಟ್ಟಿಸಿದ್ದು. ಗೋಡೆ ಮೊಳ ದಪ್ಪ, ಬಾಗಿಲು ಹಾಕಿದರೆ ಒಳಗೆ ಕೊಲೆಯಾದರೂ ಹೊರಗೆ ಕೇಳದು. ಅದನ್ನು ನೋಡಿದ ದಿನ ಹಂಗ್‌ನ ಎದೆ ಡಬಡಬ ಹೊಡೆದುಕೊಂಡಿತು. ಆ ಕೋಣೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಡ್ರಮ್ ಸೆಟ್ಟು ಅವನ ಕಣ್ಣಿಗೆ ಕಾಣುತ್ತಲೇ ಇತ್ತು. ಅವನು ಇಷ್ಟು ವರ್ಷಗಳಲ್ಲಿ ಯಾವುದನ್ನೂ ಹೀಗೆ ಆಸೆಪಟ್ಟಿರಲಿಲ್ಲ, ಮಂಚವನ್ನು ಕೂಡ.

ಆದರೆ ಅತ್ತೆಯ ಬಳಿ ಕೇಳುವುದು ಹೇಗೆ? ದಾರಿಯನ್ನು ಮಾಲ್‌ನವರೇ ತೋರಿಸಿದರು. ಅಂಗಡಿ ತೆರೆಯುವಾಗ ಇಬ್ಬರು ಸೇರಿ ವೇಷ ತೊಟ್ಟ ಸಿಂಹ ಕುಣಿಯಬೇಕು, ಡೋಲು ಬಾರಿಸಬೇಕು. ಇಲ್ಲದಿದ್ದರೆ ಲಕ್ಷ್ಮಿ ಒಳಗೆ ಬರುವುದೆಂತು? ಮಾಲ್‌ನವರು ಹೇಳಿದರಂತೆ, ಸಿಂಹ ಬರಬಹುದು, ಡೋಲು ಬರಕೂಡದು. ಪಕ್ಕದ ಕನ್ನಡಕದ ಅಂಗಡಿಯ ಗಾಜು ಅದುರುತ್ತದೆ. ಬೇಕಿದ್ದರೆ ನಮ್ಮ ಸ್ಪೀಕರಿನಲ್ಲಿ ಹಾಕಿಕೊಳ್ಳಿ ಎಂದು.

"ಡೋಲಿಲ್ದೆ ಸಿಂಹ ಕುಣಿಯೋದು ಅಂದ್ರೆ ಎಣ್ಣೆ ಇಲ್ದೆ ಉಂಡೆ ಕರಿದ ಹಾಗೆ" ಎಂದು ಅತ್ತೆ ಊಟದ ನಡುವೆ ಗೊಣಗಿದರು.

ಹಂಗ್ ಚಾಪ್‌ಸ್ಟಿಕ್ ಕೆಳಗಿಟ್ಟ. "ಅತ್ತೆ, ಡೋಲು ನಾನು ಮಾಡಿಕೊಡ್ತೀನಿ."

"ನೀನಾ? ಈ ಪೆಟ್ಟಿಗೇಲಾ?"

"ಇದರೊಳಗೆ ಅಸಲಿ ಸಿಂಹದ ಡೋಲೇ ಇದೆ. ಜಾಗಟೆ ಇದೆ, ತಾಳ ಇದೆ. ದೊಡ್ಡ ದೊಡ್ಡ ವಿದ್ವಾಂಸರು ಬಾರಿಸಿದ್ದನ್ನ ಒಂದೊಂದು ಪೆಟ್ಟಾಗಿ ಹಿಡಿದಿಟ್ಟಿದ್ದಾರೆ."

"ಬದಲಿಗೆ ನಿನಗೇನು ಬೇಕು?" ಎಂದರು ಅತ್ತೆ. ವ್ಯಾಪಾರಸ್ಥೆಯಲ್ಲವೇ, ಬಿಟ್ಟಿ ಮಾತಿಗೆ ಕಿವಿ ಕೊಡುವವರಲ್ಲ.

ಹಂಗ್ ಕೋಣೆಯ ವಿಷಯ ಹೇಳಿದ. ವಾನ್‌ಹಾ ಪಕಪಕ ನಕ್ಕಳು. ಅತ್ತೆ ನಗಲಿಲ್ಲ. ಒಂದು ಮೀನುಂಡೆಯನ್ನು ನಿಧಾನವಾಗಿ ಅಗಿದು ನುಂಗಿ, "ಡೋಲು ಕೇಳಿ ಜನ ಸೇರಿದ್ರೆ ಕೋಣೆ ನಿಂದು. ಸೇರ್ಲಿಲ್ಲ ಅಂದ್ರೆ ಆ ಪೆಟ್ಟಿಗೇನ ಮಾರಿ ನನಗೊಂದು ಹೊಸ ರೈಸ್ ಕುಕ್ಕರ್ ತಂದ್ಕೊಡ್ಬೇಕು" ಎಂದರು.

ಸರಿ, ಹಂಗ್ ಕೂತೇ ಕೂತ. ಹೊಸ ಕೆಲಸ ಶುರುಮಾಡುವಾಗ ಸಾಫ್ಟ್‌ವೇರ್ ಮೊಟ್ಟಮೊದಲು ಕೇಳುವುದು ಸ್ಯಾಂಪಲ್ ರೇಟ್ ಎಷ್ಟು ಎಂದು. ಅಂದರೆ, ಒಂದು ಸೆಕೆಂಡಿನ ಸದ್ದನ್ನು ಎಷ್ಟು ಸಾವಿರ ಚೂರಾಗಿ ಹೆಚ್ಚಬೇಕು? ಶುಂಠಿಯನ್ನು ಬಿಲ್ಲೆ ಮಾಡುವುದೋ, ಎಳೆ ಮಾಡುವುದೋ ಎಂದು ಅಡುಗೆಮನೆಯಲ್ಲಿ ಕೇಳುವುದಿಲ್ಲವೇ, ಹಾಗೆ. ಪಟ್ಟಿಯಲ್ಲಿ ನಲವತ್ನಾಲ್ಕು ಪಾಯಿಂಟ್ ಒಂದು, ನಲವತ್ತೆಂಟು, ಎಂಬತ್ತೆಂಟು ಪಾಯಿಂಟ್ ಎರಡು, ತೊಂಬತ್ತಾರು ಇದ್ದವು. ಅವನ ಡೋಲುಗಳನ್ನು ಹಿಡಿದಿಟ್ಟವರು ನಲವತ್ನಾಲ್ಕು ಪಾಯಿಂಟ್ ಒಂದರಲ್ಲಿ ಹೆಚ್ಚಿದ್ದರು. ಹೆಚ್ಚಿದ್ದನ್ನು ಮತ್ತೆ ಹೆಚ್ಚುವುದೇಕೆ ಎಂದು ಹಂಗ್ ಅದನ್ನೇ ಆರಿಸಿದ. ಅವನು ಆ ತಿಂಗಳಲ್ಲಿ ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು.

ಡೋಲು ಎಂದರೆ ಡೋಲು! ಸಿಂಹ ನಿದ್ದೆಯಿಂದ ಏಳುವುದಕ್ಕೆ ಮೆಲ್ಲನೆ ಡುಂ, ಕಿವಿ ಅಲ್ಲಾಡಿಸಲು ಟಕಟಕ, ಮೆಟ್ಟಿಲು ಹತ್ತಲು ಡುಡುಂ ಡುಡುಂ, ಬಾಗಿಲಿಗೆ ಕಟ್ಟಿದ ಸೊಪ್ಪನ್ನು ಕಿತ್ತು ತಿನ್ನುವಾಗ ಎದೆ ನಡುಗಿಸುವ ಉರುಳುಪೆಟ್ಟು. ಆ ಉರುಳುಪೆಟ್ಟಿಗಂತೂ ಅವನು ತನ್ನ ಜೀವವನ್ನೇ ಸುರಿದಿದ್ದ. ಲ್ಯಾಪ್‌ಟಾಪ್ ಮುದಿಯಾಗಿದ್ದರಿಂದ ಅಷ್ಟೂ ಡೋಲುಗಳನ್ನು ಒಟ್ಟಿಗೆ ಹೊರಲಾರದೆ ಏದುಸಿರು ಬಿಡುತ್ತಿತ್ತು. ಹಾಗಾಗಿ ಒಂದೊಂದನ್ನೂ ಸದ್ದಿನ ತುಂಡಾಗಿ ಇಳಿಸಿ, ಸಾಲಾಗಿ ಜೋಡಿಸಿಟ್ಟ. ಕೊನೆಗೆ ಹೆಡ್‌ಫೋನಿನಲ್ಲಿ ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಇನ್ನೇನು ಕೋಣೆ ತನ್ನದೇ ಎಂದುಕೊಂಡ.

ಆ ಹೊತ್ತಿಗೆ ಸರಿಯಾಗಿ ಅತ್ತೆ ಕನ್ನಡಕ ಏರಿಸಿಕೊಂಡು ಹಿಂದೆ ಬಂದು ನಿಂತರು.

"ಅದೇನದು ಮೂಲೇಲಿ, ಸಂಖ್ಯೆ?"

"ಅದಾ? ನಲವತ್ನಾಲ್ಕು ಪಾಯಿಂಟ್ ಒಂದು."

"ಥೂ! ಉಗುಳು! ಉಗುಳಿ ಬೇರೆ ಮಾತಾಡು!"

ಹಂಗ್ ಅಭ್ಯಾಸಬಲದಿಂದ ಥೂ ಎಂದು ಉಗುಳುವ ಶಾಸ್ತ್ರ ಮಾಡಿದ. ನಮ್ಮ ಚೀನೀ ಭಾಷೆಯಲ್ಲಿ ನಾಲ್ಕು ಎಂದರೂ ಸಾವು ಎಂದರೂ ಕಿವಿಗೆ ಹೆಚ್ಚುಕಡಿಮೆ ಒಂದೇ. ನಮ್ಮ ಕಟ್ಟಡಗಳಲ್ಲಿ ಹದಿಮೂರನೇ ಮಹಡಿಯಿಂದ ನೇರ ಹದಿನೈದಕ್ಕೆ ಲಿಫ್ಟು ನೆಗೆಯುವುದೂ ಅದಕ್ಕೇ. ಲಿಫ್ಟ್ ಕಂಪನಿಯ ಗುಮಾಸ್ತನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಡೋಲಿನ ಗುಂಗಿನಲ್ಲಿ ಮರೆತಿದ್ದ.

"ಸಾವು, ಸಾವು, ಚುಕ್ಕೆ, ಒಂದು!" ಎಂದು ಅತ್ತೆ ಎದೆ ಹಿಡಿದುಕೊಂಡರು. "ಅಂದ್ರೆ ಏನರ್ಥ? ಇಬ್ಬರು ಹೋಗಿ ಒಬ್ಬ ಉಳೀತಾನೆ ಅಂತ. ಈ ಮನೇಲಿ ಇರೋದು ಮೂರೇ ಜನ. ಉಳಿಯೋ ಆ ಒಬ್ಬ ಯಾರು ಅಂತ ಲೆಕ್ಕ ಹಾಕ್ಕೊಂಡೇ ಕೂತಿದ್ದೀಯಾ, ಅಳಿಯಪ್ಪಾ?"

"ಅತ್ತೆ, ಅದು ಸದ್ದಿನ ಲೆಕ್ಕ. ಯಾರಿಗೂ ಕಾಣಲ್ಲ, ಕೇಳಲ್ಲ."

"ಕಾಣದೇ ಇರೋದೇ ಜಾಸ್ತಿ ಅಪಾಯ. ದೆವ್ವ ಕಾಣುತ್ತಾ?"

ಹೊಲಿಗೆ ಯಂತ್ರದ ಮೂಲೆಯಿಂದ ವಾನ್‌ಹಾ ಸಂಧಾನಕ್ಕೆ ಇಳಿದಳು. "ಬೇರೆ ಸಂಖ್ಯೆ ಇದ್ಯಲ್ಲಮ್ಮ. ನಲವತ್ತೆಂಟು ಆಗಲ್ವಾ? ಎಂಟು ಒಳ್ಳೇದು, ಏಳಿಗೆ."

"ನಾಲ್ಕು ಮುಂದಿದೆ ನೋಡು. ಸತ್ಮೇಲೆ ಏಳಿಗೆ! ಸತ್ಮೇಲೆ ದುಡ್ಡಿಗೇನು ಬರ, ನೀವು ಕಾಗದದ ನೋಟು ಸುಟ್ಟು ಕಳಿಸ್ತೀರಲ್ಲ."

"ಹಾಗಾದ್ರೆ ತೊಂಬತ್ತಾರು ಮಾಡ್ತೀನಿ" ಎಂದ ಹಂಗ್.

"ಒಂಬತ್ತು ಅಂದ್ರೆ ನಾಯಿ ಅಂದ ಹಾಗೇ ಕೇಳುತ್ತೆ. ಮೀನುಂಡೆಗೆ ಏನು ಮಾಂಸ ಹಾಕ್ತಾರೋ ಅಂತ ಜನಕ್ಕೆ ಮೊದಲೇ ಅನುಮಾನ. ಅಂಗಡಿ ತೆಗೆಯೋ ದಿನವೇ ನಾಯಿ ನುಗ್ಗಿಸ್ಬೇಕಾ?" ಅತ್ತೆಯ ಬೆರಳು ಪರದೆಯ ಮೇಲೆ ಇಳಿದು ಬಂದು ಒಂದೆಡೆ ನಿಂತಿತು. ಮುಖ ಅರಳಿತು. "ಎಂಟು, ಎಂಟು, ಎರಡು! ಏಳಿಗೆ, ಏಳಿಗೆ, ಸಲೀಸು! ಇಷ್ಟು ಒಳ್ಳೇ ಸಂಖ್ಯೇನ ಕಣ್ಣೆದುರು ಇಟ್ಕೊಂಡು ಸಾವಿಗೆ ಕೈ ಹಾಕಿದ್ಯಲ್ಲೋ! ಇದನ್ನೇ ಹಾಕು."

ಹಂಗ್ ತನ್ನ ಹಳೇ ಗೆಳೆಯ ದಪ್ಪ ಮೋಕ್‌ಗೆ ಫೋನು ಮಾಡಿದ. ಒಂದು ಕಾಲದಲ್ಲಿ ಇವನು ಡ್ರಮ್ಮು, ಅವನು ಬೇಸ್ ಗಿಟಾರು; ಈಗ ಮೋಕ್ ಜಾಹೀರಾತುಗಳಿಗೆ ಸಂಗೀತ ಕೂಡಿಸಿ ಕೊಡುತ್ತಾನೆ.

"ಲೋ, ಡ್ರಮ್ಮು ಯಾವ ರೇಟಲ್ಲಿದ್ಯೋ ಕೆಲಸಾನೂ ಅದರಲ್ಲೇ ಇಡಪ್ಪ" ಎಂದ ಮೋಕ್. "ಮಾಲ್ ಸ್ಪೀಕರಿಗೆ ಎಂಬತ್ತೆಂಟು ಹಾಕಿದ್ರೆ ಮೀನುಂಡೆಗೆ ಚಿನ್ನದ ರೇಕು ಅಂಟಿಸಿದ ಹಾಗೆ. ರುಚಿ ಬದಲಾಗಲ್ಲ, ನಿನ್ನ ಮುದಿ ಲ್ಯಾಪ್‌ಟಾಪ್ ಸಾಯುತ್ತೆ."

"ಅತ್ತೆ ಕೇಳಲ್ಲ ಕಣೋ."

"ಹಾಗಾದ್ರೆ ಕೊನೇಲಿ ಬದಲಾಯಿಸು. ಆದ್ರೆ ಜೋಪಾನ, ಬದಲಾಯಿಸುವಾಗ ಅದು ಒಂದು ಪ್ರಶ್ನೆ ಕೇಳುತ್ತೆ. ಆ ಪ್ರಶ್ನೆಗೆ ಮಾತ್ರ ಯಾವ ಕಾರಣಕ್ಕೂ…"

ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು. "ಮೋಕ್, ನೀನು ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದವನು? ಇಲಿ ವರ್ಷವಾ? ಹಾಂ, ಈ ವರ್ಷ ಇಲಿಯವರ ಸಲಹೆ ನಮಗೆ ಆಗಿಬರಲ್ಲ. ಊಟ ಆಯ್ತಾ? ಸರಿ, ಇಡ್ತೀನಿ."

ಇನ್ನೇನು ಮಾಡುವುದು? ಹಂಗ್ ಸಂಖ್ಯೆ ಬದಲಾಯಿಸಿದ. ಕೂಡಲೇ ಪರದೆಯ ಮೇಲೆ ಪೆಟ್ಟಿಗೆಯೊಂದು ತೆರೆದು, ಇರುವ ಸದ್ದುಗಳನ್ನೂ ಹೊಸ ದರಕ್ಕೆ ಪರಿವರ್ತಿಸಲೇ ಎಂದು ವಿನಯದಿಂದ ಕೇಳಿತು. ಹೌದು ಎಂದು ಒತ್ತಿದ. ಲ್ಯಾಪ್‌ಟಾಪ್ ಬಿಸಿಯಾಯಿತು, ಗೊರಗೊರ ಎಂದಿತು, ನಿಂತುಹೋಯಿತು. ಮತ್ತೆ ಹೌದು ಎಂದ, ಮತ್ತೆ ನಿಂತಿತು. ಅತ್ತೆ ಹಿಂದೆ ನಿಂತು, "ಇನ್ನೂ ಆಗ್ಲಿಲ್ವಾ? ನಾನು ಇಷ್ಟು ಹೊತ್ತಲ್ಲಿ ಒಂದು ಬುಟ್ಟಿ ಮೀನು ಬಿಡಿಸ್ತಿದ್ದೆ" ಎನ್ನುತ್ತಿದ್ದರು. ಮೂರನೇ ಬಾರಿ ಆ ಪ್ರಶ್ನೆ ಬಂದಾಗ ಹಂಗ್ ಹಲ್ಲು ಕಚ್ಚಿ ಬೇಡ ಎಂದು ಒತ್ತಿದ.

ಆಹಾ! ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಮೂಲೆಯಲ್ಲಿ ಎಂಬತ್ತೆಂಟು ಪಾಯಿಂಟ್ ಎರಡು ಎಂದು ಬೆಳಗಿತು. ಬರೀ ಹಣೆಪಟ್ಟಿಯ ಮಾತಿಗೆ ಇಷ್ಟು ಹೊತ್ತು ಒದ್ದಾಡಿದೆನಲ್ಲ ಎಂದುಕೊಂಡ ಹಂಗ್, ಒಮ್ಮೆ ಕೇಳಿಬಿಡೋಣವೆಂದು ಹೆಡ್‌ಫೋನಿಗೆ ಕೈ ಚಾಚಿದ. ಅತ್ತೆ ಅವನ ಕೈಗೆ ಫಟ್ಟೆಂದು ಹೊಡೆದರು.

"ಸಂಖ್ಯೆ ಕೂತ್ಮೇಲೆ ಇದು ಶುಭದ ಡೋಲು. ಪಂಚಾಂಗದಲ್ಲಿ ಗಳಿಗೆ ನೋಡಿದ್ದೀನಿ. ಅದಕ್ಕೆ ಮುಂಚೆ ಒಂದು ಪೆಟ್ಟು ಕೇಳಿದ್ರೂ ಅದೃಷ್ಟ ಸೋರಿಹೋಗುತ್ತೆ."

ಹೆಡ್‌ಫೋನು ಹೋಗಿ ದೇವರ ಗೂಡಿನಲ್ಲಿ ಕಿತ್ತಳೆ ಹಣ್ಣುಗಳ ಪಕ್ಕ ಕೂತಿತು.

ಅಂಗಡಿ ತೆರೆಯುವ ದಿನ ಬಂತು. ಮಾಲ್‌ನ ನೆಲಮಾಳಿಗೆಯಲ್ಲಿ ಶುಭಾಶಯದ ಹೂವಿನ ಹಲಗೆಗಳು ಸಾಲಾಗಿ ನಿಂತಿದ್ದವು. ಅತ್ತೆ ಕೆಂಪು ಕೋಟು ತೊಟ್ಟು ಮಾಲ್ ಮ್ಯಾನೇಜರನ ಪಕ್ಕ ನಿಂತಿದ್ದರು. ಬಂದಿದ್ದ ಜನ ಬೆರಳೆಣಿಕೆಯಷ್ಟು, ಅದರಲ್ಲಿ ಅರ್ಧ ಅತ್ತೆಯ ಮಾಹ್‌ಜಾಂಗ್ ಬಳಗ. ಸಿಂಹದೊಳಗೆ, ಸಿಂಹದ ಕುಣಿತ ಕಲಿಸುವ ಪೂನ್ ಗುರುಗಳ ಇಬ್ಬರು ಶಿಷ್ಯರು: ತಲೆಗೆ ಕಿಟ್, ಬಾಲಕ್ಕೆ ದಾಂಡಿಗ ಸೇಕ್. ಎಂದಿನಂತಾದರೆ ಡೋಲಿನವನು ಸಿಂಹವನ್ನು ನೋಡಿಕೊಂಡು ಬಾರಿಸುತ್ತಾನೆ. ಸಿಂಹ ಎಡವಿದರೆ ಅವನೂ ತಡೆಯುತ್ತಾನೆ. ಈ ಡೋಲಿಗೆ ಕಣ್ಣಿರಲಿಲ್ಲ. ಗಳಿಗೆ ಬಂತು. ಅತ್ತೆ ತಲೆಯಾಡಿಸಿದರು, ಹಂಗ್ ಗುಂಡಿ ಒತ್ತಿದ.

ಡುಂ ಎಂದು ಗಂಭೀರವಾಗಿ ಬರಬೇಕಾದದ್ದು ಟಿಣ್ ಎಂದು ಬಂತು.

ಹಂಗ್‌ಗೆ ಕೂಡಲೇ ಹೊಳೆಯಿತು. ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಚೂರಾಗಿ ಹೆಚ್ಚಿದ್ದನ್ನು ಸ್ಪೀಕರು ಎಂಬತ್ತೆಂಟು ಸಾವಿರದ ಲೆಕ್ಕದಲ್ಲಿ ಗಬಗಬ ನುಂಗುತ್ತಿತ್ತು! ಎರಡು ಪಟ್ಟು ವೇಗ, ಎರಡು ಪಟ್ಟು ಕೀರಲು. ಸಿಂಹದ ಡೋಲು ಬಿಸ್ಕತ್ತಿನ ಡಬ್ಬಿಯಾಯಿತು, ಜಾಗಟೆ ಸೈಕಲ್ಲಿನ ಬೆಲ್ಲಾಯಿತು. ಟಿಣ್ಟಿಣ್ಟಕಟಕಟಿಣ್!

ಸಿಂಹಕ್ಕೆ ಆಕಳಿಸಲು ಪುರುಸೊತ್ತು ಸಿಗಲಿಲ್ಲ. ಎದ್ದ ತಕ್ಷಣ ಕಿವಿ ಅಲ್ಲಾಡಿಸಬೇಕು, ಕಿವಿ ನಿಲ್ಲುವ ಮೊದಲು ಮೆಟ್ಟಿಲು ಹತ್ತಬೇಕು. ಮುಂದಿನ ಕಾಲು ಬಾಗಿಲಿಗೆ ಬಂದಾಗ ಹಿಂದಿನ ಕಾಲು ಇನ್ನೂ ನಮಸ್ಕಾರ ಮಾಡುತ್ತಿತ್ತು. ಕಾಡಿನ ರಾಜ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಗರಗರ ತಿರುಗಿತು. ಉರುಳುಪೆಟ್ಟು ಬಂದೇಬಿಟ್ಟಿತು. ಕಿಟ್ ಗಾಬರಿಯಲ್ಲಿ ಸೊಪ್ಪನ್ನು ಒಂದೇ ಬಾಯಿಗೆ ಕಿತ್ತು ಒಂದೇ ಸಲಕ್ಕೆ ಉಗಿದ. ಇಡೀ ಕಂತೆ ಹೋಗಿ ಮಾಲ್ ಮ್ಯಾನೇಜರನ ಬೋಳುತಲೆಯ ಮೇಲೆ ಟೋಪಿಯಂತೆ ಕೂತಿತು. ಡೋಲು ನಿಂತಿತು. ಸಿಂಹ ನಡು ಮುರಿದುಕೊಂಡು ಬಿತ್ತು; ತಲೆ ಅಂಗಡಿಯ ಒಳಗೆ, ಬಾಲ ಹೊರಗೆ.

ಹಂಗ್ ಕಣ್ಣು ಮುಚ್ಚಿದ. ಕೋಣೆ ಹೋಯಿತು, ಲ್ಯಾಪ್‌ಟಾಪ್ ಹೋಯಿತು, ರೈಸ್ ಕುಕ್ಕರ್ ಬಂತು ಎಂದುಕೊಂಡ.

ಕಣ್ಣು ಬಿಟ್ಟಾಗ ನಗೆಯ ಅಲೆ ಎದ್ದಿತ್ತು. ಮೇಲಿನ ಮಹಡಿಗಳ ಕಟಕಟೆಗೆ ಜನ ಜೋತುಬಿದ್ದು ಫೋನುಗಳಲ್ಲಿ ಹಿಡಿದುಕೊಳ್ಳುತ್ತಿದ್ದರು. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ಕುಣಿಯುತ್ತಿದ್ದವು. ಸಿಂಹ ಉಗಿದ ಸೊಪ್ಪು ಮೈಮೇಲೆ ಬಿದ್ದರೆ ಭಾಗ್ಯ ಎಂದು ಮ್ಯಾನೇಜರ್ ತಲೆಯಿಂದ ಎಲೆಯೊಂದನ್ನೂ ತೆಗೆಯಗೊಡದೆ ಕೈ ಮುಗಿಯುತ್ತಿದ್ದ. ಹಿಡಿದ ಚಿತ್ರಗಳು ಆಗಲೇ ಊರೆಲ್ಲ ಓಡಿದ್ದವು. ಮಧ್ಯಾಹ್ನದ ಹೊತ್ತಿಗೆ ಮೀನುಂಡೆಯ ಸಾಲು ಕನ್ನಡಕದ ಅಂಗಡಿ ದಾಟಿ ಎಸ್ಕಲೇಟರ್ ಹತ್ತಿತ್ತು.

"ನೋಡಿದ್ಯಾ ಎಂಟೆಂಟರ ಮಹಿಮೆ!" ಅತ್ತೆಯ ಕಣ್ಣಲ್ಲಿ ಆನಂದಬಾಷ್ಪ. "ಬೇರೆಯವರ ಅಂಗಡಿಗೆ ಲಕ್ಷ್ಮಿ ನಡ್ಕೊಂಡು ಬರ್ತಾಳೆ, ನಮ್ಮ ಅಂಗಡಿಗೆ ಓಡ್ಕೊಂಡು ಬಂದ್ಲು. ಜನ ಕೇಳ್ತಿದ್ದಾರೆ, ಸಂಜೆ ಇನ್ನೊಂದು ಸಲ ಆಗ್ಲಿ."

ಆದರೆ ಬಾಲದ ಸೇಕ್ ಸೊಂಟ ಹಿಡಿದುಕೊಂಡು ನೆಲದಿಂದ ಏಳಲೇ ಇಲ್ಲ. "ಅಮ್ಮಾ, ಹದಿನೈದು ವರ್ಷದಿಂದ ಸಿಂಹ ಆಗಿದ್ದೀನಿ, ಇವತ್ತು ಮೊದಲ್ನೇ ಸಲ ಇಲಿ ಆದೆ. ನನ್ ಕೈಲಾಗಲ್ಲ" ಎಂದ.

"ಅತ್ತೆ, ಒಂದು ನಿಮಿಷ" ಎಂದು ಹಂಗ್ ಮುಂದೆ ಬಂದ. ಕಲಾವಿದನ ಆತ್ಮಗೌರವ ಎಲ್ಲೋ ಒಂದು ಕಡೆ ಜೀವ ಹಿಡಿದಿತ್ತು. "ಅದು ಅಸಲಿ ಡೋಲಲ್ಲ. ಸರಿ ಮಾಡ್ಬಿಡ್ತೀನಿ. ಮತ್ತೆ ನಲವತ್ನಾಲ್ಕು…"

ಅತ್ತೆಯ ಅಂಗೈ ಅವನ ಬಾಯಿಯನ್ನು ಮುಚ್ಚಿತು. "ಉಗುಳು! ಜನ ಅನ್ನಕ್ಕೆ ಸಾಲು ನಿಂತಿರೋವಾಗ ಸಾವಿನ ಮಾತಾ? ಆ ಡೋಲನ್ನ ಯಾರೂ ಮುಟ್ಟಕೂಡದು. ಬಾಲಕ್ಕೊಬ್ಬ ಜನ ಬೇಕು, ಅಷ್ಟೇ. ಈ ಬಡಿತ ಯಾರಿಗೆ ಬಾಯಿಪಾಠ?"

ವಾನ್‌ಹಾ (ಅಗ್ನಿಸಾಕ್ಷಿ ನಮ್ಮಲ್ಲಿಲ್ಲ, ಆದರೂ ಕೈಹಿಡಿದವಳೇ) ತಣ್ಣಗೆ ಅಂದಳು, "ಇವನಿಗೆ ನಿದ್ದೇಲೂ ಬರುತ್ತಮ್ಮ. ಒಂದು ತಿಂಗಳಿಂದ ನನ್ನ ಮೊಣಕಾಲಿಗೆ ಬಾರಿಸ್ತಿದ್ದಾನೆ."

ಮಾಡಿದ್ದುಣ್ಣೋ ಮಹರಾಯ! ಸಂಜೆ ಹಂಗ್ ಹಳದಿ ಕೂದಲಿನ ಚಲ್ಲಣ ತೊಟ್ಟು, ಕಿಟ್‌ನ ಸೊಂಟಪಟ್ಟಿ ಹಿಡಿದು, ಬಟ್ಟೆಯ ಕೆಳಗೆ ಬಗ್ಗಿ ನಿಂತ. ಒಳಗೆ ಕತ್ತಲು, ಬೆವರಿನ ನಾತ, ಕಣ್ಣೆದುರಿಗೆ ಕಿಟ್‌ನ ಬೆನ್ನಿನ ಕೆಳಭಾಗವೊಂದೇ. ಟಿಣ್ ಎಂದಿತು ಡೋಲು. ಇಲ್ಲಿ ಎರಡು ಪೆಟ್ಟು ಜಾಸ್ತಿ ಇರಲಿ, ಇಲ್ಲೊಂದು ಸುತ್ತು ಬರಲಿ, ಇದು ಚೆಂದ, ಅದು ಚೆಂದ ಎಂದು ಅವನೇ ಮುದ್ದಿನಿಂದ ಸೇರಿಸಿದ್ದ ಒಂದೊಂದು ಕುಸುರಿಯೂ ಈಗ ಬಂದು ಅವನ ಮಂಡಿಯನ್ನು ಹಿಡಿದು ಲೆಕ್ಕ ಕೇಳಿತು. ಆ ಉರುಳುಪೆಟ್ಟಿನಲ್ಲಿ ಕಿಟ್‌ನನ್ನು ಹೆಗಲ ಮೇಲೆ ಎತ್ತಬೇಕಿತ್ತು. ಎತ್ತಿದ. ಹೇಗೆ ಎತ್ತಿದನೆಂದು ಕೇಳಬಾರದು. ಜನ ಬಿದ್ದು ಬಿದ್ದು ನಕ್ಕರು. ಚಪ್ಪಾಳೆಯ ಮಳೆ ಸುರಿಯಿತು. ಇಷ್ಟು ದೊಡ್ಡ ಚಪ್ಪಾಳೆ ಅವನ ಬ್ಯಾಂಡಿಗೆ ಒಮ್ಮೆಯೂ ಬಿದ್ದಿರಲಿಲ್ಲ ಎಂಬುದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಆ ವಾರವೇ ಬೂಟಿನ ಅಂಗಡಿಯವರು ಬಂದರು, ಆಮೇಲೆ ಹೇರ್‌ಕಟಿಂಗ್‌ನವರು, ಆಮೇಲೆ ಪಕ್ಕದ ಬಡಾವಣೆಯ ಮಾಲ್‌ನವರು. ಎಲ್ಲರಿಗೂ ಬೇಕಾದದ್ದು ಓಡುವ ಸಿಂಹವೇ, ಅದೇ ಡೋಲೇ. ಸಂಪಾದನೆಯ ಚೀಲ ಅತ್ತೆಯ ಕೈಯಲ್ಲಿ. ಹಂಗ್‌ಗೆ ಬಂದದ್ದು ಸಿಂಹಪಾಲು, ಅದರಲ್ಲೂ ಹಿಂದಿನ ಪಾಲು.

ಅತ್ತೆ ಮಾತಿಗೆ ತಪ್ಪುವವರಲ್ಲ. ಕೆಂಪು ದಾರ ಕಟ್ಟಿದ ಬೀಗದ ಕೈಯನ್ನು ಎಲ್ಲರೆದುರು ಅವನ ಅಂಗೈಗಿಟ್ಟು, "ಕೋಣೆ ನಿಂದು" ಎಂದರು. ಹಂಗ್ ಬೀಗ ತೆಗೆದು ಆ ದಪ್ಪ ಬಾಗಿಲು ತೆರೆದ. ಒಳಗೆ ಛಾವಣಿಯಿಂದ ಸಿಂಹ ತೂಗಾಡುತ್ತಿತ್ತು. ತಲೆ ಒಂದು ಗೋಡೆಗೆ, ಬಾಲ ಇನ್ನೊಂದು ಗೋಡೆಗೆ. ನಡುವೆ ಡ್ರಮ್ಮಿರಲಿ, ಡ್ರಮ್ಮಿನ ಕೋಲು ಇಡಲೂ ಜಾಗವಿರಲಿಲ್ಲ. ಕಿಟ್ ಆಗಲೇ ಬಂದು ಮೈ ಸಡಿಲಿಸುತ್ತಾ, "ಬನ್ನಿ ಅಣ್ಣ, ಶುರು ಮಾಡೋಣ" ಎಂದ.

ಮುಂದಿನ ಭಾನುವಾರ ಚಹಾದ ಹೋಟೆಲಿನಲ್ಲಿ ಅತ್ತೆಯ ಬಳಗ ಸೇರಿತ್ತು. ಹಂಗ್ ಸೊಂಟಕ್ಕೆ ಮುಲಾಮಿನ ಪಟ್ಟಿ ಅಂಟಿಸಿಕೊಂಡು, ಕುರ್ಚಿಯ ತುದಿಯಲ್ಲಿ ಅರ್ಧಂಬರ್ಧ ಕೂತು ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸುತ್ತಿದ್ದ. "ನಮ್ಮ ಅಳಿಯ ಈಗ ಸಂಗೀತದಲ್ಲೇ ಇದ್ದಾನೆ" ಎಂದು ಅತ್ತೆ ಹೊಸ ಗೆಳತಿಯೊಬ್ಬಳಿಗೆ ಹೆಮ್ಮೆಯಿಂದ ಹೇಳಿದರು. ಹಂಗ್‌ನ ಬಗ್ಗಿದ ಬೆನ್ನು ಒಂದಿಷ್ಟು ನೆಟ್ಟಗಾಯಿತು.

"ಹೌದಾ! ಏನು ಬಾರಿಸ್ತಾರೆ?" ಎಂದಳು ಆಕೆ.

ವಾನ್‌ಹಾ ತನ್ನ ಖಾಲಿ ಬಟ್ಟಲನ್ನು ಗಂಡನ ಮುಂದೆ ಸರಿಸಿದಳು.

"ಬಾರಿಸಲ್ಲ ಆಂಟಿ, ಬಾಲ ಅಲ್ಲಾಡಿಸ್ತಾನೆ."